ಗಡಿಯಾರ ರಿಪೇರಿಯವನ ಮಗ

‘ವಾಚ್‌ಮೆನ್’ ಕಾಮಿಕ್ಸ್‌ನ ನಾಲ್ಕನೇ ಸಂಚಿಕೆ ಮಂಗಳ ಗ್ರಹದ ಮರಳಿನ ಮೇಲೆ ಶುರುವಾಗುತ್ತದೆ. ನೀಲಿ ಮೈಯ ಡಾಕ್ಟರ್ ಮ್ಯಾನ್‌ಹಟನ್ ಕೈಯಲ್ಲಿ ಒಂದು ಹಳೆಯ ಫೋಟೊ. ಇನ್ನು ಹನ್ನೆರಡು ಸೆಕೆಂಡಿನಲ್ಲಿ ಅದನ್ನು ಕೈಬಿಡುತ್ತಾನೆ ಎಂಬುದು ಅವನಿಗೆ ಗೊತ್ತು. ಅವನ ಕಣ್ಣಿಗೆ ಫೋಟೊ ಆಗಲೇ ಮರಳಿನಲ್ಲಿ ಬಿದ್ದಿದೆ.

ಅಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಈ ಕಥೆ 1986–87ರಲ್ಲಿ ಹನ್ನೆರಡು ಸಂಚಿಕೆಗಳಲ್ಲಿ ಬಂತು. ಮ್ಯಾನ್‌ಹಟನ್‌ನ ಹುಟ್ಟುಹೆಸರು ಜಾನ್ ಆಸ್ಟರ್‌ಮನ್. ಗಡಿಯಾರ ರಿಪೇರಿಯವನ ಮಗ. 1945ರಲ್ಲಿ ಹಿರೋಶಿಮಾದ ಅಣುಬಾಂಬಿನ ಸುದ್ದಿ ಓದಿದ ಅಪ್ಪನಿಗೆ, ಹೊಸ ಭೌತವಿಜ್ಞಾನದ ಪ್ರಕಾರ ಕಾಲವೇ ಎಲ್ಲೆಡೆ ಒಂದೇ ಸಮ ಇಲ್ಲವೆಂದಾದ ಮೇಲೆ ಈ ಕಸುಬಿಗೆ ಬೆಲೆಯಿಲ್ಲ ಎನ್ನಿಸುತ್ತದೆ. ಮಗ ಬಿಚ್ಚಿ ಹರಡಿಕೊಂಡಿದ್ದ ಪುಟ್ಟ ಪುಟ್ಟ ಚಕ್ರಗಳನ್ನೆಲ್ಲ ಬೀದಿಗೆ ಸುರಿದುಬಿಡುತ್ತಾನೆ. ಮಗ ಭೌತವಿಜ್ಞಾನಿಯಾಗುತ್ತಾನೆ. 1959ರಲ್ಲಿ ಗೆಳತಿಯ ವಾಚು ಇದ್ದ ಕೋಟು ತರಲೆಂದು ಪ್ರಯೋಗದ ಕೋಣೆಗೆ ಹೋಗಿ ಒಳಗೇ ಸಿಕ್ಕಿಬೀಳುತ್ತಾನೆ. ದೇಹ ಅಣು ಅಣುವಾಗಿ ಚೆದುರುತ್ತದೆ. ಹೊಸ ಮೈ ಕಟ್ಟಿಕೊಂಡು ಬಂದವನಿಗೆ ನಿನ್ನೆ ನಾಳೆಗಳು ಒಟ್ಟಿಗೇ ಕಾಣುತ್ತವೆ.

ಈ ಕಲ್ಪನೆಗೆ ತತ್ತ್ವಶಾಸ್ತ್ರದಲ್ಲಿ ಗಟ್ಟಿ ನೆಲೆಯಿದೆ. 1908ರಲ್ಲಿ ಗಣಿತಜ್ಞ ಮಿಂಕೋವ್‌ಸ್ಕಿ ದೇಶ ಮತ್ತು ಕಾಲವನ್ನು ಒಂದೇ ಹಾಸಾಗಿ ನೋಡಬೇಕೆಂದ. ಅದೇ ವರ್ಷ ದಾರ್ಶನಿಕ ಮೆಕ್‌ಟ್ಯಾಗರ್ಟ್ ಕಾಲವೇ ಮಿಥ್ಯೆ ಎಂದು ವಾದಿಸಿದ. ಭೂತ, ಭವಿಷ್ಯ ಎರಡೂ ವರ್ತಮಾನದಷ್ಟೇ ನಿಜ ಎನ್ನುವ ಪಂಥ ಇಂದಿಗೂ ಬಲವಾಗಿದೆ. ಕಾಮಿಕ್ಸ್ ಪುಟದಲ್ಲಿ ಇದು ಕಣ್ಣಿಗೇ ಕಾಣುತ್ತದೆ: ಚೌಕಗಳೆಲ್ಲ ಒಮ್ಮೆಗೇ ಎದುರಿಗಿರುತ್ತವೆ, ಸರಿಯುವುದು ಓದುಗನ ಕಣ್ಣು ಮಾತ್ರ. ಸಿನಿಮಾಕ್ಕೆ ಇದು ಅಷ್ಟು ಸಲೀಸಾಗಿ ದಕ್ಕುವುದಿಲ್ಲ.

ಎಡವಟ್ಟು ಆಗುವುದು ಮುಂದಿನ ಹೆಜ್ಜೆಯಲ್ಲಿ. ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆ ಮೊದಲೇ ಗೊತ್ತಿದ್ದೂ ಏಕೆ ತಡೆಯಲಿಲ್ಲ ಎಂದು ಗೆಳತಿ ಕೇಳಿದರೆ, ತನ್ನ ಪಾಲಿಗೆ ಅದು ಆಗಲೇ ನಡೆಯುತ್ತಿದೆ ಎನ್ನುತ್ತಾನೆ ಮ್ಯಾನ್‌ಹಟನ್. ಇದು ಪ್ರಾಚೀನ ಭಾರತದ ಆಜೀವಕ ಪಂಥದ ಗುರು ಗೋಸಾಲನ ನಿಯತಿವಾದದ ಹಾದಿ. ಅಲ್ಲಿ ಪುರುಷಪ್ರಯತ್ನಕ್ಕೆ ಬೆಲೆಯೇ ಇಲ್ಲ. ಆದರೆ ನಾಳೆ ಇದೆ ಎಂದ ಮಾತ್ರಕ್ಕೆ ಇಂದಿನ ಕೆಲಸ ವ್ಯರ್ಥವಾಗುವುದಿಲ್ಲ. ಹಾಲು ಉಕ್ಕುವುದು ಖಚಿತವಾದರೂ ಒಲೆ ಹಚ್ಚಿದ್ದರಿಂದಲೇ ಅದು ಉಕ್ಕುತ್ತದೆ.

ಒಂಬತ್ತನೇ ಸಂಚಿಕೆಯಲ್ಲಿ, ಅದೇ ಮಂಗಳದ ಮೇಲೆ, ಲಾರಿ ಎಂಬ ಹೆಣ್ಣಿನ ಹುಟ್ಟಿನ ಗುಟ್ಟು ಬಯಲಾಗುತ್ತದೆ. ಲೆಕ್ಕವಿಲ್ಲದಷ್ಟು ಆಕಸ್ಮಿಕಗಳು ಸೇರಿ ಹುಟ್ಟಿದವಳು ಆಕೆ ಎಂಬುದು ಎಲ್ಲವನ್ನೂ ಕಂಡವನನ್ನೂ ಬೆರಗುಗೊಳಿಸುತ್ತದೆ. ಮನುಷ್ಯರ ಗೊಡವೆಯೇ ಬೇಡವೆಂದಿದ್ದವನು ಅವಳ ಜೊತೆ ಭೂಮಿಗೆ ಮರಳುತ್ತಾನೆ.