ಬಳ್ಳಿಗೊಂದು ಜೀರುಂಡೆ

ಮೂಡುಬಿದಿರೆ ಬಳಿಯ ಪುತ್ತಿಗೆಯಲ್ಲಾಗಲಿ, ಬಂಟ್ವಾಳ, ಬೆಳ್ತಂಗಡಿಗಳ ಹಿತ್ತಿಲುಗಳಲ್ಲಾಗಲಿ ನೀವು ಬಳ್ಳಿ ಆಲೂಗಡ್ಡೆಯನ್ನು ನೋಡಿರಬಹುದು. ಹೃದಯದಾಕಾರದ ಎಲೆ, ಎಲೆಯ ಬುಡದಲ್ಲಿ ತೂಗುವ ಗೆಡ್ಡೆ. ನಮಗದು ಅಡುಗೆಯ ಪದಾರ್ಥ. ಆದರೆ 1905ರಲ್ಲಿ ಅಮೆರಿಕದ ಫ್ಲೋರಿಡಾ ಸೇರಿದ ಇದೇ ಬಳ್ಳಿ ಅಲ್ಲಿನ ಕಾಡುಮರಗಳನ್ನು ಕಂಬಳಿಯಂತೆ ಹೊದ್ದುಕೊಂಡು, ಅವುಗಳಿಗೆ ಬಿಸಿಲೇ ಸಿಗದಂತೆ ಮಾಡಿತು. ಕಡಿದರೆ ನೆಲದೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುತ್ತದೆ. ಉದುರಿದ ಗೆಡ್ಡೆಗಳಿಂದ ಹೊಸ ಬಳ್ಳಿಗಳು ಏಳುತ್ತವೆ.

ಇಲ್ಲಿ ಸಾಧುವಾದದ್ದು ಅಲ್ಲಿ ಪುಂಡನಾದದ್ದೇಕೆ? ತವರಿನಲ್ಲಿ ಈ ಬಳ್ಳಿಯನ್ನು ತಿಂದು ಹದ್ದಿನಲ್ಲಿಡುವ ಕೀಟಗಳಿವೆ. ಬಳ್ಳಿ ಕಡಲು ದಾಟಿತು, ಕೀಟಗಳು ಜೊತೆಗೆ ಹೋಗಲಿಲ್ಲ.

ಅಮೆರಿಕದ ವಿಜ್ಞಾನಿಗಳು ನೇಪಾಳ, ಚೀನಾಗಳಲ್ಲಿ ಹುಡುಕಿ, ಲಿಲಿಯೊಸೆರಿಸ್ ಚೆನಿ ಎಂಬ ಕೆಂಪು ಜೀರುಂಡೆಯನ್ನು ತಂದರು. ಆದರೆ ತಂದ ಕೂಡಲೇ ಹೊರಗೆ ಬಿಡಲಿಲ್ಲ. ಭದ್ರವಾದ ಪ್ರಯೋಗಾಲಯದಲ್ಲಿ ಹತ್ತಿರದ ಗೆಣಸಿನ ಜಾತಿಗಳನ್ನೂ ಬೆಳೆಗಳನ್ನೂ ಅದರ ಮುಂದಿಟ್ಟು ನೋಡಿದರು. ಈ ಬಳ್ಳಿಯ ಹೊರತು ಬೇರಾವುದರ ಮೇಲೂ ಅದರ ಮರಿಹುಳು ಬೆಳೆಯಲಿಲ್ಲ. ಅದು ಖಚಿತವಾದ ಮೇಲೆಯೇ, 2011ರಲ್ಲಿ, ಬಿಡುಗಡೆ.

ನಮ್ಮಲ್ಲಿಯೂ ಇಂಥ ಪ್ರಯತ್ನ ನಡೆದಿದೆ. ಕರಾವಳಿಯ ಗುಡ್ಡಗಳನ್ನು ಆವರಿಸಿರುವ, ಆಸರೆ ಸಿಕ್ಕರೆ ಮರಕ್ಕೂ ಹತ್ತುವ ‘ಕಮ್ಯುನಿಸ್ಟ್ ಗಿಡ’ ಅಮೆರಿಕ ಖಂಡದಿಂದ ಬಂದದ್ದು. ಅದರ ಮೇಲೆ 2005ರಲ್ಲಿ ಬೆಂಗಳೂರಿನಲ್ಲಿ ಒಂದು ಪುಟ್ಟ ನೊಣವನ್ನು ಬಿಡಲಾಯಿತು. ಹೆಣ್ಣುನೊಣ ಚಿಗುರಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡವನ್ನು ಹೊಕ್ಕಾಗ ಅಲ್ಲಿ ಗಂಟು ಉಬ್ಬುತ್ತದೆ. ಹೂವು, ಬೀಜಗಳಿಗೆ ಹೋಗಬೇಕಾದ ಆಹಾರ ಗಂಟಿನ ಪಾಲಾಗುತ್ತದೆ. ಗಿಡ ಸಾಯದಿರಬಹುದು, ಆದರೆ ಸೊರಗುತ್ತದೆ.

ಕೀಟ ಬೆಳೆಗೆ ಬಾಯಿ ಹಾಕಿದರೆ? ಈ ಪ್ರಶ್ನೆ ಕರ್ನಾಟಕದಲ್ಲೇ ಎದ್ದಿತ್ತು. ಪಾರ್ಥೇನಿಯಂ ತಿನ್ನಲೆಂದು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ, ಕೆಲವು ವರ್ಷಗಳ ನಂತರ ಸೂರ್ಯಕಾಂತಿಯ ಎಲೆ ಕಚ್ಚುತ್ತಿರುವುದು ಕಂಡುಬಂತು. ರೈತರಿಗೆ ಸಹಜವಾಗಿಯೇ ಕಳವಳವಾಯಿತು. ಸಂಶೋಧಕರು ಪರೀಕ್ಷಿಸಿ, ಎಲೆಗಳ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ಅದನ್ನು ಸೆಳೆದಿತ್ತೆಂದು 1993ರಲ್ಲಿ ವಿವರಿಸಿದರು. ಜೀರುಂಡೆ ಸೂರ್ಯಕಾಂತಿಯ ಪೀಡೆಯಾಗಿ ಬೆಳೆಯಲಿಲ್ಲ. ಆದರೂ ರೈತರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಸಿಂಪಡಿಸಿದ ಔಷಧಿಯನ್ನು ನಾಳೆ ನಿಲ್ಲಿಸಬಹುದು. ಹಾರಿಬಿಟ್ಟ ಕೀಟವನ್ನು ಮರಳಿ ಕರೆಯಲಾಗದು.

ಮುಂದಿನ ಮಳೆಗಾಲದಲ್ಲಿ ನಿಮ್ಮ ಬೇಲಿಯ ಗಿಡಬಳ್ಳಿಗಳನ್ನು ಗಮನಿಸಿ. ಯಾವ ಹುಳು ಯಾವ ಎಲೆ ತಿಂದಿತು, ಪಕ್ಕದಲ್ಲೇ ಇದ್ದ ಯಾವ ಎಲೆಯನ್ನು ಮುಟ್ಟಲಿಲ್ಲ, ಎರಡನ್ನೂ ಬರೆದಿಡಿ. ಈ ವಿಜ್ಞಾನದಲ್ಲಿ ಎರಡನೆಯ ಪಟ್ಟಿಗೇ ಹೆಚ್ಚು ಬೆಲೆ.