ಬೀಗತನ ಮನೆಯಲ್ಲಿ, ಲೆಕ್ಕ ಊರ ಮುಂದೆ



ರಾಯಚೂರು, ದೇವದುರ್ಗ, ಮಾನ್ವಿ ಕಡೆ ಬೀಗತನ ಅಂದರೆ ದೊಡ್ಡ ಬಲ. ಮದುವೆಗೆ, ಬಾಣಂತನಕ್ಕೆ, ಬರಗಾಲಕ್ಕೆ ಬೀಗರೇ ಆಸರೆ. ಅಕ್ಕನ ಮಗಳನ್ನು ತಂದುಕೊಂಡವನಿಗೆ ಅಕ್ಕನೇ ಅತ್ತೆ! ನಮ್ಮ ಸಂಬಂಧಗಳು ಅಷ್ಟು ಗಟ್ಟಿ.

ಆದರೆ ಊರಿನ ಕೆಲಸದೊಳಗೆ ಬೀಗತನ ಬಂದರೆ? ಒಂದು ಉದಾಹರಣೆ ನೋಡ್ರಿ. ಊರಿಗೆ ಚರಂಡಿ ಬೇಕು. ಪಂಚಾಯ್ತಿಯಲ್ಲಿ ಕುಳಿತವಳು ಅತ್ತಿಗೆ. ಗುತ್ತಿಗೆ ಹಿಡಿದವನು ಮೈದುನ. ಸಿಮೆಂಟು ಕಡಿಮೆ ಹಾಕಿದರೆ ಕೇಳುವವರು ಯಾರು? ಅತ್ತಿಗೆ ಕೇಳಿದರೆ ಮನೆ ಒಡೆಯುತ್ತದೆ. ಕೇಳದಿದ್ದರೆ ಚರಂಡಿ ಒಡೆಯುತ್ತದೆ.

ಅದಕ್ಕೇ ಕಾನೂನು ಐತಿ. 1993ರ ಪಂಚಾಯತ್ ರಾಜ್ ಕಾಯ್ದೆ ಏನು ಹೇಳುತ್ತದೆ? ಗ್ರಾಮ ಪಂಚಾಯ್ತಿ ಸದಸ್ಯರಿಗೆ ಆ ಪಂಚಾಯ್ತಿಯ ಗುತ್ತಿಗೆಯಲ್ಲಿ ಪಾಲು ಇರಬಾರದು. ನೇರವಾಗಿಯೂ ಇರಬಾರದು, ಸುತ್ತಿ ಬಳಸಿಯೂ ಇರಬಾರದು. ಇದ್ದರೆ ಸದಸ್ಯತ್ವಕ್ಕೇ ಕುತ್ತು.

ಕೇಂದ್ರ ಲೋಕೋಪಯೋಗಿ ಇಲಾಖೆಯ ಕರಾರು ಇನ್ನೂ ಬಿಡಿಸಿ ಹೇಳುತ್ತದೆ. ಹತ್ತಿರದ ಸಂಬಂಧಿ ಎಂಜಿನಿಯರ್ ಆಗಿರುವ ಕಡೆ ಗುತ್ತಿಗೆದಾರ ಟೆಂಡರ್ ಹಾಕುವಂತಿಲ್ಲ. ಹತ್ತಿರದವರು ಅಂದರೆ ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರು ಮಾತ್ರ ಅಲ್ಲ. ಮಾವ, ಅಳಿಯ, ಮೈದುನ, ನಾದಿನಿ ಎಲ್ಲರೂ ಬಂದರು.

ಹಾಗಾದರೆ ಬೀಗರಾಗುವುದೇ ತಪ್ಪೇನು? ಅಲ್ಲ. ಸಂಬಂಧ ಮುಚ್ಚಿಡುವುದು ತಪ್ಪು. ಒಳಗೊಳಗೇ ಪಾಲು ತಿನ್ನುವುದು ತಪ್ಪು. "ಇವರು ನಮ್ಮ ಬೀಗರು" ಎಂದು ಸಭೆಯಲ್ಲಿ ಹೇಳಿಬಿಡಬೇಕು. ಆ ವಿಷಯದ ಚರ್ಚೆಯಿಂದ ದೂರ ಉಳಿಯಬೇಕು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ನಾಳೆ ನೀವೇ ಸದಸ್ಯರಾಗಬಹುದು. "ಇಲ್ಲೊಂದು ಸಹಿ ಹಾಕು" ಅಂತ ಗಂಡ ಅಂದಾನು, ಭಾವ ಅಂದಾನು. ಓದದೆ ಸಹಿ ಹಾಕಬೇಡ್ರಿ. ಗುತ್ತಿಗೆ ಯಾರ ಹೆಸರಿಗೆ? ಮೊತ್ತ ಎಷ್ಟು? ಕೆಲಸ ಮುಗಿದೈತೋ ಇಲ್ಲೋ? ದುಡ್ಡು ಯಾರೇ ತಿನ್ನಲಿ, ಕಾಗದದ ಮೇಲೆ ಉಳಿಯುವುದು ನಿಮ್ಮ ಹೆಸರು.

ಸದಸ್ಯರಲ್ಲದವರಿಗೂ ದಾರಿ ಐತಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ರಿ. ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಬರೆಯಿರಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಬಿಲ್ಲಿನ ಪ್ರತಿ ಕೇಳ್ರಿ. 30 ದಿನದೊಳಗೆ ಉತ್ತರ ಕೊಡಬೇಕು. ನೀವು ಅಕ್ಷರ ಕಲಿತದ್ದು ಇಂಥ ಕೆಲಸಕ್ಕೂ ಹೌದು.

ಬೀಗರು ಬಂದರೆ ಹೋಳಿಗೆ ಬಡಿಸೋಣ. ಅದು ನಮ್ಮ ಮನೆಯ ಬೆಲ್ಲ, ನಮ್ಮ ಮನೆಯ ಬೇಳೆ. ಊರಿನ ದುಡ್ಡು ಮಾತ್ರ ಊರಿಗೇ ಇರಲಿ.