ನಮ್ಮೂರಿನ ತಮಟೆ ತಂಡ

(ಸುವರ್ಣ ಮಹೋತ್ಸವದ ಸಂಜೆ, ತಮಟೆ ವಾದನಕ್ಕೆ ಮುಂಚೆ ಆಡಿದ ಮಾತುಗಳು)



ಇನ್ನು ಸ್ವಲ್ಪ ಹೊತ್ತಿಗೆ ನಮ್ಮೂರಿನ ತಮಟೆ ತಂಡ ಬಾರಿಸಲಿದೆ. ಇವರೆಲ್ಲ ಒಟ್ಟಿಗೆ ನಿಂತು ಹನ್ನೊಂದು ವರ್ಷವಾಯಿತು. ಅವರ ಬಗ್ಗೆ ನಾಲ್ಕು ಮಾತು ಹೇಳು ಎಂದಿದ್ದಾರೆ. ಕಂಪನಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಎಷ್ಟು ಬೇಕಾದರೂ ಮಾತಾಡುತ್ತೇನೆ, ಇಲ್ಲಿ ಕಾಲು ನಡುಗುತ್ತಿದೆ.

ನಮ್ಮಪ್ಪ ಈ ತಂಡದಲ್ಲಿದ್ದರು. ಊರಹಬ್ಬ, ಮೆರವಣಿಗೆ, ಸಾವು, ಎಲ್ಲಕ್ಕೂ ಇವರು ಬೇಕು. ಒಂಬತ್ತನೇ ತರಗತಿಯಲ್ಲಿ ಯಾವುದೋ ಅರ್ಜಿಯಲ್ಲಿ ತಂದೆಯ ಕೆಲಸ ಎಂಬಲ್ಲಿ ನಾನು ‘ಕೂಲಿ’ ಎಂದು ಬರೆದೆ. ಅದೂ ನಿಜವೇ. ತಮಟೆ ಎಂದು ಬರೆಯಲು ನಾಚಿಕೆಯಾಗಿತ್ತು. ಮೆರವಣಿಗೆ ಬಂದರೆ ಗೆಳೆಯರ ಬೆನ್ನ ಹಿಂದೆ ಸರಿದುಕೊಳ್ಳುತ್ತಿದ್ದೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಫೀಸಿನವರ ಜೊತೆ ಸ್ವರಾತ್ಮ ತಂಡದ ಕಾರ್ಯಕ್ರಮಕ್ಕೆ ಹೋದೆ. ಬೆಂಗಳೂರಿನದೇ ತಂಡ. 2002ರಲ್ಲಿ ಶುರುವಾಗಿ, 2009ರಲ್ಲಿ ಮೊದಲ ಆಲ್ಬಮ್ ತಂದರು. ಗಿಟಾರ್, ಪಿಟೀಲು, ಡ್ರಮ್ಸ್ ಜೊತೆಗೆ ಜಾನಪದದ ಧಾಟಿ. ವಾಸು ದೀಕ್ಷಿತ್ ಹಾಡುತ್ತಿದ್ದರೆ ನಾನೂ ಮೈಮರೆತು ಕುಣಿದೆ. ಮನೆಗೆ ಬಂದರೆ ಅಪ್ಪನ ತಮಟೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಟಿಕೆಟ್ ಕೊಂಡು ಕುಣಿದು ಬಂದವನು ಅಪ್ಪನ ಮುಖ ನೋಡಲಾಗದೆ ಹೋಗಿ ಮಲಗಿದೆ. ಸ್ವರಾತ್ಮದವರ ಮೇಲೆ ನನಗೆ ಗೌರವವಿದೆ. ಅಷ್ಟು ವರ್ಷ ಒಂದು ತಂಡ ಚದುರದೆ ಉಳಿಯುವುದು ಸುಲಭವಲ್ಲ.

ನಮ್ಮದು ಚದುರಿತು. ಜಗಳವೇನಲ್ಲ. ಹೊಲಗಳು ಲೇಔಟ್ ಆದವು. ಒಬ್ಬರು ಆಟೋ ಹಿಡಿದರು, ಇಬ್ಬರು ಅಪಾರ್ಟ್‌ಮೆಂಟಿನ ಗೇಟು ಕಾಯಲು ಹೋದರು. 2021ರಲ್ಲಿ ನಮ್ಮೂರಿಗೆ ಮೆಟ್ರೊ ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಅಪ್ಪ ಹೋದ ದಿನ ತಮಟೆಗೆ ಬೇರೆ ಊರಿನವರನ್ನು ಕರೆಸಬೇಕಾಯಿತು.

ಈ ಸಮಾರಂಭಕ್ಕೆ ತಂಡ ಸೇರಿಸೋಣವೆಂದು ಚಿಕ್ಕಪ್ಪನ ಹತ್ತಿರ ಹೋದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆಯಿಂದಲೇ 2023ರಲ್ಲಿ ಪದ್ಮಶ್ರೀ ಬಂತು ಎಂದು ಹುರುಪಿನಿಂದ ಹೇಳಿದೆ. ಚಿಕ್ಕಪ್ಪ, “ಸಂತೋಷ ಕಣಪ್ಪ. ನಿಂಗೆ ಇದು ಜಾನಪದ. ನಮ್ಗೆ ಸಾವಿನ ಮನೆ ಮುಂದೆ ರಾತ್ರಿಯೆಲ್ಲಾ ನಿಂತ ಕಾಲುನೋವು. ಊಟಕ್ಕೆ ಕೊನೇಲಿ ಕೂತಿದ್ದು ಮರ್ತಿಲ್ಲ” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಇಲ್ಲ. ಕಲೆ ಉಳಿಸಿ ಎಂದು ಭಾಷಣ ಮಾಡುವ ನಮ್ಮಂಥವರು ಅವರ ಕಾಲುನೋವು ಕೇಳಿದ್ದೇ ಇಲ್ಲ.

ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿದರು. ಆಹ್ವಾನ ಪತ್ರಿಕೆಯಲ್ಲಿ ಹೆಸರು ಹಾಕಬೇಕು, ದುಡ್ಡು ಮೊದಲೇ ಮಾತಾಡಬೇಕು, ಅತಿಥಿಗಳ ಪಂಕ್ತಿಯಲ್ಲೇ ಊಟ, ಬಾರಿಸುವುದು ವೇದಿಕೆಯ ಮೇಲೆ. ಸಮಿತಿಯವರು ಎಲ್ಲಕ್ಕೂ ಒಪ್ಪಿದರು. ಪತ್ರಿಕೆ ತೆಗೆದು ನೋಡಿ, ಏಳು ಹೆಸರಿವೆ.

ಏಳನೆಯದು ಚಿಕ್ಕಪ್ಪನ ಮಗಳದು, ಇದೇ ಶಾಲೆಯಲ್ಲಿ ಹತ್ತನೇ ತರಗತಿ. ಅಪ್ಪನ ತಮಟೆ ಅವಳ ಕೈಯಲ್ಲಿದೆ. ಚರ್ಮದ ತಮಟೆ ತಣ್ಣಗಾದರೆ ಸಡಿಲವಾಗಿ ದನಿ ಮಂಕಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ. ಫೈಬರ್ ತಮಟೆಗೆ ಈ ರಗಳೆ ಇಲ್ಲ. ಚಿಕ್ಕಪ್ಪ ಅದನ್ನು ಮುಟ್ಟುವುದಿಲ್ಲ. ವೇದಿಕೆಯ ಹಿಂದೆ ಹುಲ್ಲು ಹೊತ್ತಿಸಿದ್ದಾರೆ, ಹೊಗೆ ನಿಮಗೂ ಕಾಣುತ್ತಿರಬೇಕು. ಆಯಿತು ಎಂದು ಕೈ ಮಾಡುತ್ತಿದ್ದಾರೆ, ನಾನು ಕೆಳಗಿಳಿಯುತ್ತೇನೆ.